ಒಂದು ಚಿಟಿಕೆ ಸೋಡಾ ಮತ್ತು ನೀರೊಳಗಿನ ಗಿಡ

ಹೈಸ್ಕೂಲಿನಲ್ಲಿ ವಿಜ್ಞಾನ ಓದಿದವರೆಲ್ಲ ಈ ಚಿತ್ರ ಬರೆದಿರುತ್ತಾರೆ. ಬೀಕರಿನ ತುಂಬ ನೀರು, ಅದರೊಳಗೆ ಬೋರಲು ಹಾಕಿದ ಗಾಜಿನ ಆಲಿಕೆ, ಆಲಿಕೆಯ ಕೆಳಗೆ ನಾಲ್ಕೈದು ಎಳೆ ಹೈಡ್ರಿಲ್ಲಾ, ಮೇಲೆ ತಲೆಕೆಳಗಾಗಿ ನಿಲ್ಲಿಸಿದ ಪ್ರನಾಳ. ಬಿಸಿಲಿಗಿಟ್ಟರೆ ಗುಳ್ಳೆಗಳು ಏಳುತ್ತವೆ, ಪ್ರನಾಳದ ತುದಿಯಲ್ಲಿ ಅನಿಲ ಸೇರುತ್ತದೆ, ಆರುತ್ತಿರುವ ಕಡ್ಡಿಯನ್ನು ಹಿಡಿದರೆ ಮತ್ತೆ ಹೊತ್ತಿಕೊಳ್ಳುತ್ತದೆ. ಬಂದದ್ದು ಆಮ್ಲಜನಕ ಎಂದು ಬರೆದು ಅಂಕ ಗಿಟ್ಟಿಸಿದವರು ನಾವು. ಪ್ರಯೋಗಕ್ಕೆ ಮುಂಚೆ ಮೇಷ್ಟ್ರು ನೀರಿಗೆ ಒಂದು ಚಿಟಿಕೆ ಅಡುಗೆ ಸೋಡಾ ಉದುರಿಸುತ್ತಿದ್ದರು. ಅದೇಕೆ ಎಂದು ತರಗತಿಯಲ್ಲಿ ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಇಪ್ಪತ್ತೈದು ವರ್ಷಗಳ ನಂತರ ಮನೆಯಲ್ಲಿ ಗಾಜಿನ ತೊಟ್ಟಿ ಇಟ್ಟು, ಮೂರು ಸಲ ಗಿಡಗಳನ್ನು ಕೊಳೆಸಿದ ಮೇಲೆ ಆ ಚಿಟಿಕೆ ಸೋಡಾ ನೆನಪಾಯಿತು.

ಮೊದಲ ತೊಟ್ಟಿಯ ಕಥೆ ಹೇಳಿಬಿಡುತ್ತೇನೆ. ಅಂಗಡಿಯವರು ತೋರಿಸಿದ ಕೆಂಪು ರೊಟಾಲಾ ನೋಡಿ ಮನಸೋತು ಐದು ಕಟ್ಟು ತಂದೆ. ಮನೆಯ ನೀರು ಬೋರ್‌ವೆಲ್‌ನದು. ವಾರದೊಳಗೆ ಕೆಂಪು ಮಾಸಿತು. ಬೆಳಕು ಸಾಲದೇನೋ ಎಂದು ಇನ್ನೊಂದು ಎಲ್‌ಇಡಿ ಪಟ್ಟಿ ತಂದು ಹಾಕಿದೆ. ಆಗ ಬೆಳೆದದ್ದು ರೊಟಾಲಾ ಅಲ್ಲ, ಗಾಜಿನ ಮೇಲೆ, ಕಲ್ಲಿನ ಮೇಲೆ, ಎಲೆಗಳ ಮೇಲೆ ದಟ್ಟವಾದ ಹಸಿರು ಲೋಳೆ. ‘ಮೀನು ಸಾಕಿದ್ದೀಯೋ, ಪಾಚಿ ಸಾಕಿದ್ದೀಯೋ?’ ಎಂದು ಅಮ್ಮ ಕೇಳಿದರು. ಅದೇ ತೊಟ್ಟಿಯ ಮೂಲೆಯಲ್ಲಿ, ರೊಟಾಲಾ ಕಟ್ಟಿನ ಜೊತೆ ಕದ್ದು ಬಂದ ಒಂದು ಗೇಣು ಹೈಡ್ರಿಲ್ಲಾ ಮಾತ್ರ ಯಾರ ಹಂಗೂ ಇಲ್ಲದೆ ಮೇಲ್ಮೈ ಮುಟ್ಟಿತ್ತು. ಒಂದೇ ನೀರು, ಒಂದೇ ಬೆಳಕು. ಒಂದು ಸತ್ತಿತು, ಒಂದು ಮೆರೆಯಿತು. ಏಕೆ?

ಉತ್ತರಕ್ಕೆ ಹೋಗುವ ಮುನ್ನ ಅಮ್ಮನ ಮಾತಿನಲ್ಲಿದ್ದ ‘ಪಾಚಿ’ಯನ್ನು ಬಿಡಿಸಿಕೊಳ್ಳಬೇಕು. ಕೆರೆಯಲ್ಲಿ ಹಸಿರಾಗಿರುವುದನ್ನೆಲ್ಲ ನಾವು ಪಾಚಿ ಎಂದುಬಿಡುತ್ತೇವೆ. ಕಲ್ಲಿನ ಮೇಲೆ ಜಾರುವುದೂ ಪಾಚಿ, ಈಜುವವನ ಕಾಲಿಗೆ ತೊಡರುವುದೂ ಪಾಚಿ. ಮೊದಲನೆಯದು ನಿಜಕ್ಕೂ ಪಾಚಿ: ಬೇರು, ಕಾಂಡ, ಹೂವು ಯಾವುದೂ ಇಲ್ಲದ ಸರಳ ಜೀವಿ. ಕಾಲಿಗೆ ತೊಡರುವುದು ಬಹಳ ಸಲ ಹೈಡ್ರಿಲ್ಲಾ, ವ್ಯಾಲಿಸ್ನೇರಿಯಾ, ಸೆರಟೋಫಿಲಂ ಇಂಥ ಹೂಬಿಡುವ ಗಿಡ. ಇವುಗಳ ಪೂರ್ವಜರು ನೆಲದ ಮೇಲೆ ಬಾಳಿ ಮತ್ತೆ ನೀರಿಗಿಳಿದವರು. ಇಡೀ ದೇಹ ನೀರೊಳಗೇ ಇಟ್ಟುಕೊಂಡು ಬದುಕುವ ಇವನ್ನು ಈ ಬರಹದಲ್ಲಿ ಮುಳುಗುಗಿಡ ಎಂದು ಕರೆಯುತ್ತೇನೆ. ತಾವರೆ, ನೈದಿಲೆ, ಅಂತರಗಂಗೆ ಈ ಗುಂಪಿಗೆ ಸೇರುವುದಿಲ್ಲ. ಅವುಗಳ ಎಲೆಗಳು ಗಾಳಿಗೆ ತೆರೆದಿರುತ್ತವೆ. ಆ ಒಂದು ವ್ಯತ್ಯಾಸವೇ ಎಲ್ಲವನ್ನೂ ನಿರ್ಧರಿಸುತ್ತದೆ.

ಚಿಲ್ಲರೆ ಮತ್ತು ಠೇವಣಿ

ಅಂಗಳದ ಗಿಡಕ್ಕೆ ನೀರಿನ ಚಿಂತೆ. ಮುಳುಗುಗಿಡಕ್ಕೆ ಇಂಗಾಲದ ಚಿಂತೆ. ಗಿಡದ ಒಣತೂಕದಲ್ಲಿ ಸುಮಾರು ಶೇ 40ರಷ್ಟು ಇಂಗಾಲವೇ. ಅಂಗಳದ ಗಿಡ ಅದನ್ನು ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡಿನಿಂದ ಪಡೆಯುತ್ತದೆ, ಎಲೆ ಅಲುಗಿದಷ್ಟೂ ಹೊಸ ಗಾಳಿ ಬರುತ್ತಿರುತ್ತದೆ. ನೀರೊಳಗೆ ಅದೇ ಅನಿಲ ಹರಡುವ ವೇಗ ಗಾಳಿಗಿಂತ ಸುಮಾರು 10,000 ಪಟ್ಟು ಕಡಿಮೆ. ಎಲೆಯನ್ನು ಅಂಟಿಕೊಂಡಿರುವ ತೆಳು ನೀರಿನ ಪದರದಲ್ಲಿದ್ದ ಅನಿಲವನ್ನು ಗಿಡ ಹೀರಿಕೊಂಡ ಮೇಲೆ, ಮುಂದಿನ ತುತ್ತು ಬರುವವರೆಗೆ ಕಾಯಬೇಕು.

ಲೆಕ್ಕ ಹಾಕಿ ನೋಡೋಣ. ಗಾಳಿಯ ಜೊತೆ ಸಮತೋಲನದಲ್ಲಿರುವ ನೀರಿನಲ್ಲಿ, ನಮ್ಮ ಕೋಣೆಯ ಉಷ್ಣತೆಯಲ್ಲಿ, ಲೀಟರಿಗೆ ಸುಮಾರು 0.6 ಮಿಲಿಗ್ರಾಂ ಇಂಗಾಲದ ಡೈಆಕ್ಸೈಡ್ ಕರಗಿರುತ್ತದೆ. 100 ಲೀಟರಿನ ತೊಟ್ಟಿಯಲ್ಲಿ ಒಟ್ಟು 60 ಮಿಲಿಗ್ರಾಂ. ಅದರಲ್ಲಿ ಇಂಗಾಲ 16 ಮಿಲಿಗ್ರಾಂ. ಗಿಡಗಳು ಅಷ್ಟನ್ನೂ ಹನಿ ಬಿಡದೆ ಹೀರಿಕೊಂಡರೂ ಹುಟ್ಟುವುದು 40 ಮಿಲಿಗ್ರಾಂ ಒಣ ಎಲೆ, ಒಂದು ಚಿಟಿಕೆ ಉಪ್ಪಿಗಿಂತ ಕಡಿಮೆ. ಮೀನುಗಳ ಉಸಿರು, ಮರಳಿನಲ್ಲಿ ಕೊಳೆಯುವ ಕಸ, ಮೇಲ್ಮೈಯಿಂದ ಇಳಿಯುವ ಗಾಳಿ ಇವೆಲ್ಲ ಒಂದಿಷ್ಟು ತುಂಬಿಕೊಡುತ್ತವೆ, ನಿಜ. ಆದರೂ ಈ ಗಿಡಗಳ ಸಂಸಾರ ದಿನಗೂಲಿಯದು.

ಮುಳುಗುಗಿಡದ ಮೈಕಟ್ಟು ಈ ಬಡತನಕ್ಕೆ ಹೊಂದಿಕೊಂಡಿದೆ. ಒಂದು ಹೈಡ್ರಿಲ್ಲಾ ಎಳೆಯನ್ನು ನೀರಿನಿಂದ ಮೇಲೆತ್ತಿ ನೋಡಿ, ಒದ್ದೆ ದಾರದ ಹಾಗೆ ಜೋತುಬೀಳುತ್ತದೆ. ನೆಟ್ಟಗೆ ನಿಲ್ಲಿಸಲು ನೀರೇ ಇದೆ, ಗಟ್ಟಿ ಕಾಂಡಕ್ಕೆ ಖರ್ಚು ಮಾಡುವುದೇಕೆ? ಅದರ ಎಲೆಯ ದಪ್ಪ ಬರೀ ಎರಡು ಪದರ ಜೀವಕೋಶ. ಮೇಣದ ಹೊದಿಕೆ ಇಲ್ಲವೆನ್ನುವಷ್ಟು ತೆಳು, ಪತ್ರರಂಧ್ರಗಳಿಲ್ಲ. ಎಲೆಯ ಇಡೀ ಮೈಯೇ ಬಾಯಿ. ಕಾಂಡದೊಳಗೆ ಉದ್ದಕ್ಕೂ ಗಾಳಿಯ ಕೊಳವೆಗಳಿದ್ದು, ಎಲೆಯಲ್ಲಿ ಹುಟ್ಟಿದ ಆಮ್ಲಜನಕ ಅವುಗಳ ಮೂಲಕ ಉಸಿರುಗಟ್ಟುವ ಕೆಸರಿನಲ್ಲಿರುವ ಬೇರಿಗೂ ತಲುಪುತ್ತದೆ. ಇದು ಮುಂದೆ ಮಣ್ಣಿನ ವಿಷಯದಲ್ಲಿ ಉಪಯೋಗಕ್ಕೆ ಬರುತ್ತದೆ.

ಈಗ ಸೋಡಾಕ್ಕೆ ಬರೋಣ. ಅಡುಗೆ ಸೋಡಾ ಎಂದರೆ ಸೋಡಿಯಂ ಬೈಕಾರ್ಬನೇಟ್. ಕರಗಿದ ಇಂಗಾಲದ ಡೈಆಕ್ಸೈಡ್ ಕೈಯಲ್ಲಿರುವ ಚಿಲ್ಲರೆಯಾದರೆ ಬೈಕಾರ್ಬನೇಟ್ ಬ್ಯಾಂಕಿನಲ್ಲಿಟ್ಟ ಠೇವಣಿ. ಗಡಸು ನೀರಿನಲ್ಲಿ ಈ ಠೇವಣಿ ದೊಡ್ಡದು: ಲೀಟರಿಗೆ 300 ಮಿಲಿಗ್ರಾಂ ಬೈಕಾರ್ಬನೇಟ್ ಇರುವ ಬೋರ್ ನೀರಾದರೆ ಅದೇ 100 ಲೀಟರ್ ತೊಟ್ಟಿಯಲ್ಲಿ 30 ಗ್ರಾಂ. ಆದರೆ ಬಿಡಿಸಿಕೊಳ್ಳುವ ಚೀಟಿ ಎಲ್ಲ ಗಿಡಗಳ ಬಳಿ ಇಲ್ಲ. ಹೈಡ್ರಿಲ್ಲಾ, ವ್ಯಾಲಿಸ್ನೇರಿಯಾ, ಸೆರಟೋಫಿಲಂಗಳಿಗೆ ಆ ವಿದ್ಯೆ ಗೊತ್ತು. ನೀರಿನಲ್ಲಿ ಬೆಳೆಯುವ ಹಲವು ಮಾಸ್‌ಗಳಿಗೆ, ಅಂದರೆ ಹೂಬಿಡದ ಪುಟ್ಟ ಸಸ್ಯಗಳಿಗೆ, ಗೊತ್ತಿಲ್ಲ. ಅವಕ್ಕೆ ಚಿಲ್ಲರೆಯೇ ಗತಿ. ನನ್ನ ಕೆಂಪು ರೊಟಾಲಾ ಕೂಡ ಮೃದು ನೀರು, ಕರಗಿದ ಅನಿಲ ಎರಡನ್ನೂ ಬೇಡುವ ಜಾತಿ. ಕೋಟ್ಯಧೀಶನ ಮನೆ ಬಾಗಿಲಲ್ಲಿ ಅದು ಹಸಿದು ಸತ್ತಿತು.

ಹೈಡ್ರಿಲ್ಲಾ ಠೇವಣಿ ಬಿಡಿಸುವುದನ್ನು ಕಣ್ಣಾರೆ ನೋಡಬಹುದು. ಬೋರ್ ನೀರಿನ ತೊಟ್ಟಿಯಲ್ಲಿ ಚೆನ್ನಾಗಿ ಬೆಳೆದ ಒಂದು ಹಳೆಯ ಎಲೆಯನ್ನು ಬೆರಳುಗಳ ನಡುವೆ ತಿಕ್ಕಿ: ಮರಳಿನಂತೆ ಗರಗರ ಎನ್ನುತ್ತದೆ. ಗೀಸರಿನ ಒಳಗೆ, ನೀರು ಕಾಯಿಸುವ ಹಂಡೆಯ ತಳದಲ್ಲಿ ಕಟ್ಟುವ ಅದೇ ಬಿಳಿ ಸುಣ್ಣ. ಗಿಡ ಎಲೆಯ ಅಡಿಭಾಗದಲ್ಲಿ ಆಮ್ಲ ಸೂಸಿ ಬೈಕಾರ್ಬನೇಟನ್ನು ಒಡೆದು ಅನಿಲ ಪಡೆಯುತ್ತದೆ. ಮೇಲ್ಭಾಗ ಕ್ಷಾರವಾಗಿ ಅಲ್ಲಿ ಕ್ಯಾಲ್ಸಿಯಂ ಕಾರ್ಬನೇಟ್ ಕಟ್ಟಿಕೊಳ್ಳುತ್ತದೆ. ಎಷ್ಟೋ ಜನ ಇದನ್ನು ರೋಗವೆಂದು ತಿಳಿದು ಔಷಧಿ ಹಾಕುತ್ತಾರೆ. ರೋಗವಲ್ಲ, ಊಟ ಮಾಡಿದ ಎಂಜಲು.

ಹೈಡ್ರಿಲ್ಲಾದ ಚತುರತೆ ಇಷ್ಟಕ್ಕೇ ನಿಲ್ಲುವುದಿಲ್ಲ. ಕಬ್ಬು, ಜೋಳಗಳು ಇಂಗಾಲವನ್ನು ಒತ್ತಟ್ಟಿಗೆ ಕೂಡಿಹಾಕಿಕೊಳ್ಳುವ ಸಿ4 ಎಂಬ ವಿಧಾನವನ್ನು ಬಳಸುತ್ತವೆ. ಅದಕ್ಕಾಗಿ ಅವುಗಳ ಎಲೆಯಲ್ಲಿ ಎರಡು ಬಗೆಯ ಕೋಶಗಳ ವಿಶೇಷ ಜೋಡಣೆ ಇದೆ. ಹೈಡ್ರಿಲ್ಲಾ ಸಾಧಾರಣ ದಿನಗಳಲ್ಲಿ ಭತ್ತದ ಹಾಗೆ, ಹೀಗೆ ಕೂಡಿಹಾಕಿಕೊಳ್ಳದ ಸಿ3 ಗಿಡ. ನೀರು ಬಿಸಿಯಾಗಿ, ಹಗಲು ಉದ್ದವಾಗಿ, ಇಂಗಾಲದ ಡೈಆಕ್ಸೈಡ್ ತಳ ಕಂಡಾಗ ಅದೇ ಎಲೆ, ಯಾವ ಜೋಡಣೆಯೂ ಇಲ್ಲದೆ, ಒಂದೇ ಕೋಶದೊಳಗೆ ಸಿ4 ಕೆಲಸ ಶುರುಮಾಡುತ್ತದೆ. ಇಂಥ ಗಿಡವನ್ನು ನಾವು ಕಳೆ ಎಂದು ಕಿತ್ತೆಸೆಯುತ್ತೇವೆ.

ಹಾಗಾಗಿ ಗಿಡ ಕೊಳ್ಳುವ ಮುನ್ನ ಮಾಡಬೇಕಾದ ಮೊದಲ ಕೆಲಸ ನಲ್ಲಿಯ ನೀರನ್ನು ತಿಳಿಯುವುದು. ಬಕೆಟ್ಟಿನ ಅಂಚಿನಲ್ಲಿ ಬಿಳಿ ಗೆರೆ ಕಟ್ಟುವ, ಸೋಪು ನೊರೆ ಬಿಡದ ಬೋರ್ ನೀರಾದರೆ ವ್ಯಾಲಿಸ್ನೇರಿಯಾ, ಹೈಡ್ರಿಲ್ಲಾ, ಸೆರಟೋಫಿಲಂ ಹಾಕಿ ನೆಮ್ಮದಿಯಾಗಿರಿ. ಕಾವೇರಿ ನೀರು ಅಥವಾ ಮಳೆನೀರು ಬೆರೆಸಿದ ಮೃದು ನೀರಾದರೆ ರೊಟಾಲಾ, ಲಿಮ್ನೋಫಿಲಾಗಳಿಗೂ ಆಸೆಪಡಬಹುದು. ನಲ್ಲಿ ನೀರಿನಲ್ಲಿ ಕ್ಲೋರಿನ್ ಇದ್ದರೆ ಒಂದು ದಿನ ತೆರೆದ ಬಕೆಟ್ಟಿನಲ್ಲಿಟ್ಟು ಬಳಸಿ. ಅದು ಗಿಡಕ್ಕಿಂತ ಮೀನಿಗೆ ಅಪಾಯ. ಸೋಡಾದ ಮಹಿಮೆ ಓದಿದಿರೆಂದು ದಿನವೂ ತೊಟ್ಟಿಗೆ ಚಮಚಗಟ್ಟಲೆ ಸುರಿಯಬೇಡಿ, ಪಿಎಚ್ ಏರಿ ಮೀನು ನರಳುತ್ತವೆ. ಬೀಕರಿನ ಪ್ರಯೋಗ ಒಂದು ಪೀರಿಯಡ್ಡಿನದು, ತೊಟ್ಟಿ ವರ್ಷಗಳದ್ದು.

ಉರಿ ಜೋರಾದರೆ ಅನ್ನ ಬೇಗ ಆಗುವುದಿಲ್ಲ

ಬೆಳಕು ಒಲೆಯ ಉರಿ ಇದ್ದ ಹಾಗೆ. ಪಾತ್ರೆಯಲ್ಲಿ ಅಕ್ಕಿ, ನೀರು ತಕ್ಕಷ್ಟಿದ್ದರೆ ಉರಿಯಿಂದ ಅನ್ನವಾಗುತ್ತದೆ. ಇಲ್ಲದಿದ್ದರೆ ತಳ ಹಿಡಿಯುತ್ತದೆ. ತೊಟ್ಟಿಯಲ್ಲಿ ತಳ ಹಿಡಿಯುವುದೆಂದರೆ ಪಾಚಿ. ಬೆಳಕು ಹೆಚ್ಚಾದಂತೆ ಗಿಡದ ಇಂಗಾಲದ ಬೇಡಿಕೆ ಹೆಚ್ಚುತ್ತದೆ. ಇಂಗಾಲ ಸಿಗದೆ ಗಿಡ ನಿಂತಲ್ಲೇ ನಿಲ್ಲುತ್ತದೆ, ಆದರೆ ಸೂಕ್ಷ್ಮವಾದ ಪಾಚಿಗೆ ಬೇಕಾಗುವುದು ಅತ್ಯಲ್ಪ, ಅದು ನಿಲ್ಲುವುದಿಲ್ಲ. ನಾನು ಎರಡನೆಯ ಎಲ್‌ಇಡಿ ಪಟ್ಟಿ ತಂದದ್ದು ಗಿಡಕ್ಕಲ್ಲ, ಪಾಚಿಗೆ.

ಲೀಟರಿಗೆ ಇಂತಿಷ್ಟು ವ್ಯಾಟ್ ಎಂಬ ಹಳೆಯ ಲೆಕ್ಕ ಟ್ಯೂಬ್‌ಲೈಟ್ ಕಾಲದ್ದು. ಎಲ್‌ಇಡಿಗೆ ಅದು ಹೊಂದುವುದಿಲ್ಲ. ನನ್ನ ಅನುಭವದಲ್ಲಿ, ಇಂಗಾಲದ ಡೈಆಕ್ಸೈಡ್ ಕೊಡುವ ಸಿಲಿಂಡರ್ ಇಲ್ಲದ ತೊಟ್ಟಿಗೆ ಸಾಧಾರಣ ಎಲ್‌ಇಡಿ ದೀಪ ದಿನಕ್ಕೆ ಆರೇಳು ಗಂಟೆ ಸಾಕು. ದೀಪ ಹಚ್ಚಿ ಆರಿಸುವ ಕೆಲಸವನ್ನು ಟೈಮರಿಗೆ ಒಪ್ಪಿಸಿ, ನಮ್ಮ ನೆನಪನ್ನು ನಂಬಬೇಡಿ. ಕಿಟಕಿಯ ನೇರ ಬಿಸಿಲು ಬೀಳುವ ಜಾಗ ಬೇಡ. ಪಾಚಿ ಕಂಡರೆ ಮೊದಲು ಬೆಳಕು ಇಳಿಸಿ, ಆಮೇಲೆ ಉಳಿದ ಯೋಚನೆ.

ಇಂಗಾಲ ಹೆಚ್ಚಿಸುವ ದಾರಿಯೂ ಇದೆ. ಒತ್ತಡದ ಸಿಲಿಂಡರ್, ರೆಗ್ಯುಲೇಟರ್, ಅನಿಲವನ್ನು ಸಣ್ಣ ಗುಳ್ಳೆಗಳಾಗಿ ಬಿಡುವ ಗಾಜಿನ ಡಿಫ್ಯೂಸರ್ ಇಟ್ಟು ಇಂಗಾಲದ ಡೈಆಕ್ಸೈಡನ್ನು ಲೀಟರಿಗೆ 20ರಿಂದ 30 ಮಿಲಿಗ್ರಾಂ ವರೆಗೆ ಏರಿಸುವವರಿದ್ದಾರೆ. ಗಾಳಿ ಕೊಡುವುದರ ಮೂವತ್ತರಿಂದ ಐವತ್ತು ಪಟ್ಟು! ಆಗ ಎಲೆಗಳ ತುದಿಯಲ್ಲಿ ಮುತ್ತು ಪೋಣಿಸಿದಂತೆ ಆಮ್ಲಜನಕದ ಗುಳ್ಳೆ ಕಟ್ಟುತ್ತದೆ, ಕೆಂಪು ಗಿಡಗಳು ಕೆಂಡದಂತಾಗುತ್ತವೆ, ವಾರಕ್ಕೊಮ್ಮೆ ಕತ್ತರಿ ಹಿಡಿಯಬೇಕಾಗುತ್ತದೆ. ತೊಟ್ಟಿಯೊಳಗೆ ನೇತುಹಾಕುವ ಸಣ್ಣ ಗಾಜಿನ ಬುರುಡೆಯಲ್ಲಿರುವ ಸೂಚಕ ದ್ರಾವಣ ನೀಲಿ ಇದ್ದರೆ ಕಡಿಮೆ, ಹಸಿರಾದರೆ ಸರಿ, ಹಳದಿಯಾದರೆ ಮೀನು ಮೇಲೆ ಬಂದು ಬಾಯಿ ಬಿಡುವ ಹೊತ್ತು. ರಾತ್ರಿ ಗಿಡವೂ ಉಸಿರಾಡುವುದರಿಂದ ದೀಪದ ಜೊತೆಗೇ ಸಿಲಿಂಡರ್ ನಿಲ್ಲಿಸಬೇಕು. ಬಾಟಲಿಯಲ್ಲಿ ಸಕ್ಕರೆ, ಯೀಸ್ಟ್ ಕದಡಿ ಕೊಳವೆ ಎಳೆಯುವ ಬಡವರ ಸಿಲಿಂಡರೂ ಉಂಟು. ಮೊದಲ ವಾರ ಉಕ್ಕಿ, ಎರಡನೆಯ ವಾರ ತೂಕಡಿಸುವ ಅದರ ಏರಿಳಿತವೇ ಪಾಚಿಗೆ ಆಹ್ವಾನ. ನಾನು ಬಿಟ್ಟೆ.

ಏರ್ ಪಂಪಿನ ಬಗ್ಗೆ ಗೊಂದಲ ಬಹಳ. ಸಿಲಿಂಡರ್ ಇರುವ ತೊಟ್ಟಿಯಲ್ಲಿ ಅದು ದುಡ್ಡು ಕೊಟ್ಟು ತುಂಬಿದ ಅನಿಲವನ್ನು ಹೊರಗಟ್ಟುತ್ತದೆ. ಸಿಲಿಂಡರ್ ಇಲ್ಲದ ತೊಟ್ಟಿಯಲ್ಲಿ, ಗಿಡಗಳು ಮಧ್ಯಾಹ್ನದ ಹೊತ್ತಿಗೆ ಇಂಗಾಲವನ್ನು ಬರಿದು ಮಾಡಿರುವಾಗ, ಗಾಳಿಯಿಂದ ಒಳಕ್ಕೆ ತರುತ್ತದೆ. ಎರಡೂ ಕಡೆ ನೀರಿಗೆ ಮಂದ ಚಲನೆ ಬೇಕು. ಎಲೆಗಳು ಸಂಗೀತ ಕೇಳುವವರ ಹಾಗೆ ತಲೆದೂಗುವಷ್ಟು ಹರಿವಿದ್ದರೆ ಎಲೆಗಂಟಿದ ನೀರಿನ ಪದರ ತೆಳುವಾಗಿ ಅನಿಲ ಬೇಗ ತಲುಪುತ್ತದೆ.

ಒಂದು ಎಚ್ಚರಿಕೆ. ‘ದ್ರವ ಇಂಗಾಲ’ ಎಂದು ಬಾಟಲಿಯಲ್ಲಿ ಮಾರುವ ಹಲವು ಉತ್ಪನ್ನಗಳಲ್ಲಿ ಇರುವುದು ಗ್ಲೂಟರಾಲ್ಡಿಹೈಡ್, ಆಸ್ಪತ್ರೆಗಳಲ್ಲಿ ಉಪಕರಣಗಳ ಸೋಂಕು ನಿವಾರಣೆಗೆ ಬಳಸುವ ರಾಸಾಯನಿಕ. ಪಾಚಿಯನ್ನು ಕೊಲ್ಲುತ್ತದೆ, ಆದ್ದರಿಂದ ಗಿಡ ಚೆನ್ನಾದಂತೆ ಕಾಣುತ್ತದೆ. ವ್ಯಾಲಿಸ್ನೇರಿಯಾ ಇರುವ ತೊಟ್ಟಿಗೆ ಹಾಕಿದರೆ ಎಲೆಗಳು ಬೇಯಿಸಿದ ಸೊಪ್ಪಿನಂತೆ ಕರಗುವುದುಂಟು.

ಊಟ ಬೇರಿನಿಂದಲೋ, ಮೈಯಿಂದಲೋ

ಸೆರಟೋಫಿಲಂಗೆ ಬೇರೇ ಇಲ್ಲ. ತೊಟ್ಟಿಗೆ ಎಸೆದರೆ ಆಯಿತು, ತೇಲುತ್ತಲೋ ತಳಕ್ಕೆ ಆತುಕೊಂಡೋ ಬೆಳೆಯುತ್ತದೆ, ಬೇಕಾದ್ದನ್ನೆಲ್ಲ ನೀರಿನಿಂದಲೇ ಹೀರುತ್ತದೆ. ಅದನ್ನು ಮರಳಿನಲ್ಲಿ ನೆಡಲು ಒದ್ದಾಡುವವರನ್ನು ನೋಡಿದ್ದೇನೆ. ಹೂತ ಭಾಗ ಕೊಳೆತು ಮತ್ತೆ ಮೇಲೆ ತೇಲುತ್ತದೆ. ವ್ಯಾಲಿಸ್ನೇರಿಯಾ, ಕ್ರಿಪ್ಟೋಕೋರಿನ್‌ಗಳು ಇದಕ್ಕೆ ತದ್ವಿರುದ್ಧ, ಗಟ್ಟಿ ಬೇರಿನವು, ಮಣ್ಣಿನ ಊಟ ಬಯಸುವವು. ಅವಕ್ಕೆ ಅಂಗಡಿಯ ದುಬಾರಿ ಮಣ್ಣುಗುಳಿಗೆಯೇ ಆಗಬೇಕೆಂದಿಲ್ಲ. ಗೊಬ್ಬರ ಬೆರೆಸದ ತೋಟದ ಮಣ್ಣನ್ನು ಜರಡಿ ಹಿಡಿದು, ಎರಡು ಸೆಂಟಿಮೀಟರ್ ದಪ್ಪ ಹಾಸಿ, ಮೇಲೆ ಮೂರು ಸೆಂಟಿಮೀಟರ್ ತೊಳೆದ ದಪ್ಪ ಮರಳು ಹರಡಿದರೆ ಸಾಕು. ಮಣ್ಣು ದಪ್ಪವಾದರೆ ಗಾಳಿಯಿಲ್ಲದೆ ಕೊಳೆತು ಕೆಟ್ಟ ಮೊಟ್ಟೆಯ ವಾಸನೆ ಬರುತ್ತದೆ. ಇಲ್ಲಿ ಗಿಡವೇ ಕಾವಲುಗಾರ: ಕಾಂಡದ ಗಾಳಿಕೊಳವೆಯಿಂದ ಬೇರಿಗಿಳಿದ ಆಮ್ಲಜನಕ ಸುತ್ತಲಿನ ಕೆಸರಿಗೂ ಸೋರಿ ಅದನ್ನು ಹದವಾಗಿಡುತ್ತದೆ. ಅದಕ್ಕೇ ಮಣ್ಣು ಹಾಕಿದ ದಿನವೇ ತೊಟ್ಟಿಯ ತುಂಬ ಗಿಡ ನೆಡಬೇಕು. ನಾಲ್ಕು ಗಿಡ ನೆಟ್ಟು ಹಬ್ಬಲಿ ಎಂದು ಕಾದರೆ ಆ ನಡುವೆ ಪಾಚಿ ಹಬ್ಬಿರುತ್ತದೆ.

ಸಾರಜನಕ, ರಂಜಕದ ಪಾಲು ಮೀನಿನ ಆಹಾರದಿಂದಲೇ ಬರುತ್ತದೆ, ಎಷ್ಟು ಎಂಬುದು ತಿಳಿದರೆ ಆಶ್ಚರ್ಯವಾಗುತ್ತದೆ. ಶೇ 40 ಪ್ರೋಟೀನ್ ಎಂದು ಡಬ್ಬಿಯ ಮೇಲೆ ಬರೆದ ಆಹಾರ ಒಂದು ಗ್ರಾಂ ಹಾಕಿದರೆ, ಪ್ರೋಟೀನಿನ ಶೇ 16 ಸಾರಜನಕವಾದ್ದರಿಂದ, 64 ಮಿಲಿಗ್ರಾಂ ಸಾರಜನಕ ತೊಟ್ಟಿ ಸೇರಿತು. ಅದೆಲ್ಲ ನೈಟ್ರೇಟ್ ಆದರೆ 100 ಲೀಟರ್ ನೀರಿನಲ್ಲಿ ಲೀಟರಿಗೆ ಸುಮಾರು 2.8 ಮಿಲಿಗ್ರಾಂ ಏರುತ್ತದೆ. ಒಂದಿಷ್ಟು ಮೀನಿನ ಮೈಗೆ ಹತ್ತುತ್ತದೆ ಎಂದಿಟ್ಟುಕೊಂಡರೂ, ತಿಂಗಳೆಂದರೆ ಮೂವತ್ತು ದಿನ. ಮೀನುಗಳು ಧಾರಾಳವಾಗಿರುವ ತೊಟ್ಟಿಗೆ ಬೇರೆ ಸಾರಜನಕ ಬೇಕಿಲ್ಲ. ಕೊರತೆ ಬೀಳುವುದು ಹೆಚ್ಚಾಗಿ ಪೊಟ್ಯಾಷಿಯಂ ಮತ್ತು ಕಬ್ಬಿಣಕ್ಕೆ. ಹಳೆಯ ಎಲೆಗಳಲ್ಲಿ ಸೂಜಿ ಚುಚ್ಚಿದಂಥ ತೂತು ಬಿದ್ದು ಅಗಲವಾಗುತ್ತಿದ್ದರೆ ಪೊಟ್ಯಾಷಿಯಂ. ಹೊಸ ಎಲೆ ನರಗಳು ಮಾತ್ರ ಹಸಿರಾಗಿ ಉಳಿದದ್ದು ಬಿಳಚಿಕೊಂಡರೆ ಕಬ್ಬಿಣ. ಹಳೆಯ ಎಲೆ ಇಡಿಯಾಗಿ ಹಳದಿಯಾದರೆ ಸಾರಜನಕ. ತಲೆನೋವಿಗೆ ಮಾತ್ರೆ ನುಂಗಿದಂತೆ ಎಲೆ ನೋಡಿದ ತಕ್ಷಣ ಗೊಬ್ಬರ ಸುರಿಯಬೇಡಿ, ಹೊಸ ಎಲೆಗಳನ್ನು ಎರಡು ವಾರ ಗಮನಿಸಿ. ಹಿತ್ತಲಿನ ಯೂರಿಯಾ ಅಂತೂ ಬೇಡವೇ ಬೇಡ. ಅದು ನೀರಿನಲ್ಲಿ ಅಮೋನಿಯಾ ಆಗುತ್ತದೆ, ನಮ್ಮ ಗಡಸು ನೀರಿನ ಏರಿದ ಪಿಎಚ್‌ನಲ್ಲಿ ಅಮೋನಿಯಾ ಇನ್ನಷ್ಟು ವಿಷ, ಬೆಳಗಾಗುವುದರೊಳಗೆ ಮೀನು ತೇಲುತ್ತವೆ.

ಅಂಗಡಿಯಿಂದ ತಂದ ಗಿಡ ವಾರದಲ್ಲಿ ಕರಗಿತು ಎಂದು ದೂರುವವರು ಬಹಳ. ಅದಕ್ಕೆ ಅಂಗಡಿಯವರು ಮೋಸ ಮಾಡಿರಬೇಕೆಂದೇನಿಲ್ಲ. ನರ್ಸರಿಗಳು ಈ ಗಿಡಗಳಲ್ಲಿ ಬಹುಪಾಲನ್ನು ನೀರಿನ ಹೊರಗೇ, ಬೇರು ಮಾತ್ರ ಒದ್ದೆಯಾಗಿಟ್ಟು ಬೆಳೆಸುತ್ತವೆ. ಗಾಳಿಯಲ್ಲಿ ಇಂಗಾಲ ಧಾರಾಳ, ಬೆಳವಣಿಗೆ ಬೇಗ, ಪಾಚಿಯ ಕಾಟವಿಲ್ಲ. ನಮ್ಮ ಗದ್ದೆಬದುವಿನ ನೀರುಬ್ರಾಹ್ಮಿಯನ್ನೇ ನೋಡಿ. ಹೊರಗೆ ಬೆಳೆದ ಅದರ ಎಲೆ ದಪ್ಪ, ಮೇಣ ಸವರಿದಂತೆ. ಅದೇ ಗಿಡವನ್ನು ತೊಟ್ಟಿಯಲ್ಲಿ ಮುಳುಗಿಸಿ ನೆಟ್ಟರೆ ಕಾಂಡ ನೆಟ್ಟಗೆ ಮೇಲೇರುತ್ತದೆ, ಹೊಸ ಎಲೆ ತೆಳುವಾಗಿ ಬರುತ್ತದೆ, ಹಳೆಯವು ಒಂದೊಂದಾಗಿ ಉದುರುತ್ತವೆ. ಗಾಳಿಯ ಎಲೆ ನೀರಿನ ಎಲೆಯಾಗಿ ಬದಲಾಗುವುದಿಲ್ಲ; ಹೋಗಬೇಕು, ಹೊಸದು ಬರಬೇಕು. ಕ್ರಿಪ್ಟೋಕೋರಿನ್ ಇದರಲ್ಲಿ ಮಹಾ ಮುಂಗೋಪಿ. ಜಾಗ ಬದಲಿಸಿದರೂ ಸಾಕು, ಎಲ್ಲ ಎಲೆಗಳನ್ನೂ ಲೋಳೆ ಮಾಡಿ ಚೆಲ್ಲಿಬಿಡುತ್ತದೆ. ಕಿತ್ತು ಎಸೆಯಬೇಡಿ. ಲೋಳೆಯನ್ನು ಹೀರಿ ತೆಗೆದು ಬುಡವನ್ನು ಹಾಗೇ ಬಿಟ್ಟರೆ ಕೆಲವು ವಾರಗಳಲ್ಲಿ ಚಿಗುರುತ್ತದೆ. ಈ ಕುಲದ ಕ್ರಿಪ್ಟೋಕೋರಿನ್ ರೆಟ್ರೋಸ್ಪೈರಾಲಿಸ್ ನಮ್ಮ ಪಶ್ಚಿಮ ಘಟ್ಟದ ಹೊಳೆಗಳದ್ದೇ. ಮಳೆಗಾಲದ ಕೆಂಪು ನೀರು, ಬೇಸಿಗೆಯ ಬತ್ತಿದ ಮರಳು ಎರಡನ್ನೂ ಕಂಡ ಗಿಡ. ಎಲೆ ಕಳೆದುಕೊಂಡು ಬುಡದಲ್ಲಿ ಕಾಯುವುದು ಅದಕ್ಕೆ ಅಭ್ಯಾಸ. ಹಾಗೆಂದು ಹೊಳೆಯಿಂದ ಕಿತ್ತು ತರಬೇಡಿ, ಕೃಷಿ ಮಾಡಿದ ಗಿಡ ಸಿಗುತ್ತದೆ.

ಹೊಸ ಗಿಡವನ್ನು ತೊಟ್ಟಿಗಿಳಿಸುವ ಮುನ್ನ ತಿಳಿಗುಲಾಬಿ ಬಣ್ಣದ ಪೊಟ್ಯಾಷಿಯಂ ಪರ್ಮಾಂಗನೇಟ್ ನೀರಿನಲ್ಲಿ ಹತ್ತು ನಿಮಿಷ ಅದ್ದಿ ತೊಳೆಯಿರಿ. ಎಳೆ ಎಲೆಗೆ ಅದಕ್ಕಿಂತ ಗಾಢ ಬೇಡ. ನೆಡುವಾಗ ವ್ಯಾಲಿಸ್ನೇರಿಯಾದ ಬೇರು ಮಾತ್ರ ಮರಳಿನೊಳಗಿರಲಿ, ಎಲೆ ಹೊರಡುವ ಬಿಳಿ ಬುಡ ಹೊರಗೆ ಕಾಣಬೇಕು. ಹೂತರೆ ಕೊಳೆಯುತ್ತದೆ. ಅನೂಬಿಯಾಸ್, ಜಾವಾ ಫರ್ನ್‌ಗಳನ್ನು ನೆಡುವುದೇ ಇಲ್ಲ, ಕಲ್ಲಿಗೋ ಮರದ ತುಂಡಿಗೋ ನೂಲಿನಿಂದ ಕಟ್ಟುವುದು.

ಚೆನ್ನಾಗಿ ಊರಿದ ವ್ಯಾಲಿಸ್ನೇರಿಯಾ ಮರಳಿನ ಮೇಲೆ ಹಂಬು ಕಳುಹಿಸುತ್ತದೆ. ಗೇಣಿಗೊಂದು ಮರಿ, ಮರಿಯ ಮುಂದೆ ಇನ್ನೊಂದು ಹಂಬು. ಕೆಲವು ತಿಂಗಳಲ್ಲಿ ಹಿಂಭಾಗದ ಗಾಜು ಹಸಿರು ರಿಬ್ಬನ್ನುಗಳ ಪರದೆಯಾಗುತ್ತದೆ. ಹೂ ಬಿಟ್ಟರಂತೂ ನೋಡಲೇಬೇಕು. ಹೆಣ್ಣು ಹೂವು ದಾರದಂಥ ತೊಟ್ಟಿನ ಮೇಲೆ ಏರಿ ನೀರಿನ ಮಟ್ಟದಲ್ಲಿ ಸಣ್ಣ ಕುಳಿ ಮಾಡಿಕೊಂಡು ಕೂರುತ್ತದೆ. ಗಂಡು ಹೂಗಳು ಬುಡದಲ್ಲೇ ಕಳಚಿಕೊಂಡು, ರಾಗಿಕಾಳಿಗಿಂತ ಸಣ್ಣ ದೋಣಿಗಳಾಗಿ ತೇಲಿ ಬಂದು ಆ ಕುಳಿಗೆ ಜಾರುತ್ತವೆ. ಪರಾಗಸ್ಪರ್ಶವಾದ ಮೇಲೆ ತೊಟ್ಟು ಸ್ಪ್ರಿಂಗಿನಂತೆ ಸುರುಳಿ ಸುತ್ತಿ ಕಾಯನ್ನು ತಳಕ್ಕೆ ಎಳೆದುಕೊಳ್ಳುತ್ತದೆ. ಪಿಯುಸಿಯಲ್ಲಿ ಬಾಯಿಪಾಠ ಮಾಡಿದ್ದ ವಾಕ್ಯಗಳಿವು. ಫಿಲ್ಟರ್ ನಿಲ್ಲಿಸಿ, ಉಸಿರು ಬಿಗಿಹಿಡಿದು ಇದನ್ನು ಮೊದಲ ಸಲ ನೋಡಿದ ದಿನ ನನಗೆ ಕಚೇರಿಗೆ ತಡವಾಯಿತು.

ತಾರಸಿಯ ಕೊಳ

ಹೊರಗಿನ ಕೊಳದಲ್ಲಿ ಬೆಳಕಿನ ಟೈಮರ್ ನಮ್ಮ ಕೈಯಲ್ಲಿಲ್ಲ. ಅಂಗಳದ ಅಥವಾ ತಾರಸಿಯ ಸಿಮೆಂಟ್ ತೊಟ್ಟಿಯಲ್ಲಿ ಶುರುಮಾಡುವವರಿಗೆ ಮೊದಲ ಶತ್ರು ಸಿಮೆಂಟೇ. ಹೊಸ ತೊಟ್ಟಿಯಿಂದ ಸುಣ್ಣ ಬಿಟ್ಟು ಪಿಎಚ್ ವಿಪರೀತ ಏರುತ್ತದೆ. ಬಾಳೆದಿಂಡನ್ನು ತುಂಡು ಮಾಡಿ ನೀರು ತುಂಬಿಸಿ, ಕೊಳೆಯಲು ಬಿಟ್ಟು, ಚೆಲ್ಲಿ, ಮತ್ತೆ ತುಂಬಿಸುವ ನಮ್ಮ ಕಡೆಯ ರೂಢಿ ಒಳ್ಳೆಯದೇ, ಮೂಗು ಮುಚ್ಚಿಕೊಳ್ಳಬೇಕು ಅಷ್ಟೇ. ಕೊಳೆಯುವಾಗ ಹುಟ್ಟುವ ಆಮ್ಲ, ಪದೇ ಪದೇ ಬದಲಿಸಿದ ನೀರು ಸೇರಿ ಸುಣ್ಣವನ್ನು ಇಳಿಸುತ್ತವೆ.

ಕೊಳಕ್ಕೆ ಎರಡು ಮುಖ. ಒಂದರಲ್ಲಿ ನೀರು ತಿಳಿ, ತಳದ ತನಕ ಗಿಡ ಕಾಣುತ್ತದೆ. ಇನ್ನೊಂದರಲ್ಲಿ ನೀರೇ ಹಸಿರು ಹೆಸರುಕಾಳಿನ ಸಾರಿನ ಹಾಗೆ, ಗಿಡ ಒಂದೂ ಇಲ್ಲ. ನಡುವಿನ ಸ್ಥಿತಿ ಹೆಚ್ಚು ದಿನ ನಿಲ್ಲುವುದಿಲ್ಲ. ಗಿಡಗಳಿದ್ದರೆ ಅವು ಪೋಷಕಾಂಶ ಹೀರುತ್ತವೆ, ಕೆಸರನ್ನು ಹಿಡಿದಿಡುತ್ತವೆ, ತೇಲುಪಾಚಿಯನ್ನು ತಿನ್ನುವ ನೀರುಚಿಗಟಗಳಿಗೆ ಅಡಗುದಾಣವಾಗುತ್ತವೆ. ನೀರು ತಿಳಿಯಾಗಿ ಬೆಳಕು ಕೆಳಗಿಳಿದು ಗಿಡ ಇನ್ನೂ ಬೆಳೆಯುತ್ತದೆ. ಪೋಷಕಾಂಶ ಒಂದು ಮಿತಿ ದಾಟಿದರೆ ತೇಲುಪಾಚಿ ಬೆಳಕನ್ನು ಮುಚ್ಚಿ ಗಿಡ ಸಾಯುತ್ತದೆ, ಸತ್ತ ಗಿಡ ಕೊಳೆತು ಪಾಚಿಗೇ ಗೊಬ್ಬರ. ಚರಂಡಿ ಸೇರಿದ ನಗರದ ಕೆರೆಗಳಿಗೆ ಆದದ್ದು ಇದೇ, ಅತಿಯಾಗಿ ಮೀನಿಗೆ ತಿನಿಸಿದ ತಾರಸಿ ತೊಟ್ಟಿಗೆ ಆಗುವುದೂ ಇದೇ. ಹಸಿರಾಯಿತೆಂದು ಇಡೀ ನೀರು ಚೆಲ್ಲಿ ತುಂಬಿಸಿದರೆ ಹದಿನೈದು ದಿನಕ್ಕೆ ಮತ್ತೆ ಹಸಿರು. ಬದಲಿಗೆ ಮೀನಿನ ಆಹಾರ ನಿಲ್ಲಿಸಿ, ಒಂದು ನೈದಿಲೆ ಕುಂಡ ಇಳಿಸಿ ಮೂರನೇ ಒಂದು ಭಾಗಕ್ಕೆ ನೆರಳು ಮಾಡಿ, ಸೆರಟೋಫಿಲಂ ಒಂದೆರಡು ಎಳೆಯಲ್ಲ, ಬುಟ್ಟಿಗಟ್ಟಲೆ ಹಾಕಿ ಕಾಯಿರಿ.

ಗಿಡ ಹೆಚ್ಚಾದರೆ ಆಮ್ಲಜನಕ ಹೆಚ್ಚು ಎಂಬ ನಂಬಿಕೆ ಅರ್ಧ ಸತ್ಯ. ಹಗಲಿಡೀ ಸೂಸಿದ ಗಿಡ ರಾತ್ರಿಯಿಡೀ ಹೀರುತ್ತದೆ. ದಟ್ಟ ಗಿಡದ ಕೊಳದಲ್ಲಿ ಆಮ್ಲಜನಕ ತೀರಾ ಕಡಿಮೆ ಇರುವುದು ಸೂರ್ಯೋದಯಕ್ಕೆ ಸ್ವಲ್ಪ ಮುಂಚೆ. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಬಿಸಿ ನೀರಿನಲ್ಲಿ ಅನಿಲ ಕರಗುವುದೇ ಕಡಿಮೆಯಾದ್ದರಿಂದ ಇನ್ನೂ ಕಷ್ಟ. ಬೆಳಗಿನ ಐದೂವರೆಗೆ ಟಾರ್ಚ್ ಹಿಡಿದು ನೋಡಿ. ಮೀನುಗಳು ಮೇಲ್ಮೈಗೆ ಬಾಯಿ ಹಚ್ಚಿ ನಿಂತಿದ್ದರೆ ಮೂರನೇ ಒಂದು ಭಾಗ ಗಿಡ ತೆಗೆಯುವ ಕಾಲ ಬಂತು. ಮಧ್ಯಾಹ್ನದ ಬಿಸಿಲಿಗೆ ಶೇಡ್ ನೆಟ್ ಕಟ್ಟಿ. ಸೊಳ್ಳೆಯ ಮರಿಗಳಿಗೆ ನಾಲ್ಕು ಗಪ್ಪಿ ಸಾಕು, ಹುಲ್ಲುಗೆಂಡೆಯನ್ನು ಮಾತ್ರ ಬಿಡಬೇಡಿ. ಹೆಸರೇ ಹೇಳುವಂತೆ ಅದು ಗಿಡವನ್ನು ಬೇರುಸಹಿತ ಮೇಯುತ್ತದೆ. ಗೋಲ್ಡ್‌ಫಿಶ್ ಕೂಡ ಸಾಧುವಲ್ಲ.

ಕೊನೆಗೆ ಕಸದ ವಿಷಯ. ಮುಳುಗುಗಿಡ ಸಾಕುವವರ ಮನೆಯಲ್ಲಿ ಕತ್ತರಿಸಿದ ಗಿಡದ ರಾಶಿ ಮುಗಿಯುವುದಿಲ್ಲ. ಪಾಪ, ಬದುಕಲಿ ಎಂದು ಹತ್ತಿರದ ಕೆರೆಗೆ ಎಸೆಯುವ ದಯಾವಂತರೇ ದೊಡ್ಡ ಅಪಾಯ. 2020ರ ನವೆಂಬರಿನಲ್ಲಿ ಕೇರಳದ ಕೋಳಿಕ್ಕೋಡ್ ಜಿಲ್ಲೆಯ ಆವಳ ಪಾಂಡಿಯ ಕಾಲುವೆ ಗುಲಾಬಿ ಹೂಗಳ ಹಾಸಾಗಿ, ಜನ ಫೋಟೋ ತೆಗೆಯಲು ಮುಗಿಬಿದ್ದದ್ದು ನೆನಪಿರಬಹುದು. ಅದು ಅಕ್ವೇರಿಯಂ ಅಂಗಡಿಗಳಲ್ಲಿ ಮಾರುವ ಕಬೊಂಬಾ ಫರ್ಕೇಟಾ, ದಕ್ಷಿಣ ಅಮೆರಿಕದ ಗಿಡ. ನೋಡಲು ಬಂದವರು ಕಿತ್ತು ಒಯ್ದದ್ದರಿಂದ ಇನ್ನಷ್ಟು ಊರುಗಳಿಗೆ ಹರಡುವ ಭಯ ಬೇರೆ. ನಮ್ಮ ಹೈಡ್ರಿಲ್ಲಾ ಮಾಡಿದ್ದೂ ಕಡಿಮೆಯಲ್ಲ. 1950ರ ದಶಕದಲ್ಲಿ ಅಕ್ವೇರಿಯಂ ವ್ಯಾಪಾರದ ದಾರಿಯಲ್ಲಿ ಅಮೆರಿಕದ ಫ್ಲಾರಿಡಾ ಸೇರಿ ಅಲ್ಲಿನ ಸರೋವರಗಳನ್ನೇ ನುಂಗಿತು. ದಿನಕ್ಕೆ ಒಂದು ಅಂಗುಲ ಬೆಳೆಯಬಲ್ಲ, ಕೆಸರಿನಲ್ಲಿ ಗೆಡ್ಡೆ ಬಿಟ್ಟು ವರ್ಷಗಟ್ಟಲೆ ಕಾಯಬಲ್ಲ ಗಿಡವಲ್ಲವೇ? ಅದನ್ನು ತಿನ್ನುವ ಸಣ್ಣ ನೊಣವೊಂದನ್ನು ಭಾರತದಿಂದ ಒಯ್ದು 1987ರಲ್ಲಿ ಅಲ್ಲಿ ಬಿಡಬೇಕಾಯಿತು.

ನಾನು ಕತ್ತರಿಸಿದ್ದನ್ನು ತಾರಸಿಯ ಬಿಸಿಲಿಗೆ ಹರಡುತ್ತೇನೆ. ಬಕೆಟ್ಟಿನ ತುಂಬ ಇದ್ದ ಹೈಡ್ರಿಲ್ಲಾ ಎರಡು ದಿನದಲ್ಲಿ ಒಂದು ಹಿಡಿ ಆಗುತ್ತದೆ, ಮುಟ್ಟಿದರೆ ಸುಣ್ಣದ ಪುಡಿ ಬೆರಳಿಗೆ ಹತ್ತುತ್ತದೆ. ಮೀನಿಗೆ ಹಾಕಿದ ಆಹಾರದ ಸಾರಜನಕ ಒಂದಿಷ್ಟು ಆ ಹಿಡಿಯಲ್ಲಿದೆ. ಅದನ್ನು ಕರಿಬೇವಿನ ಕುಂಡದ ಬುಡಕ್ಕೆ ಹಾಕಿ ಮಣ್ಣು ಮುಚ್ಚುತ್ತೇನೆ. ‘ಈ ಪಾಚಿಯಿಂದ ಒಗ್ಗರಣೆಗಾದರೂ ಉಪಯೋಗವಾಯಿತಲ್ಲ’ ಎನ್ನುತ್ತಾರೆ ಅಮ್ಮ.